ಹಗೇವಿಗೆ ಇಳಿಸಿದ ದೀಪ

ಡಿಎನ್ಎ ಪರೀಕ್ಷೆಯ ಆ ಮೂರು ಪ್ಲಾಸ್ಟಿಕ್ ನಳಿಕೆಗಳು ಕೊರಿಯರ್‌ನಲ್ಲಿ ಜಲನಗರದ ಮನೆಗೆ ಬಂದ ದಿನ ನನಗೆ ಖುಷಿಯಾಗಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ನೆನೆದರೆ, ಆಗಲೇ ಮನಸ್ಸಿನಲ್ಲಿ ಏನೋ ಅಳುಕಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಅದು ಸುಳ್ಳು. ಅಳುಕು ಇರಲಿಲ್ಲ.

ಒಂದು ನಳಿಕೆಯಲ್ಲಿ ನಾನು ಉಗುಳಿ ಮುಚ್ಚಳ ತಿರುವಿದೆ. ಎರಡನೆಯದನ್ನು ತಿಕೋಟಾಕ್ಕೆ, ದೊಡ್ಡಪ್ಪನ ಮಗನ ಹತ್ತಿರ ಒಯ್ದೆ. ನನಗಿಂತ ನಾಲ್ಕು ವರ್ಷ ಹಿರಿಯ, ಅಣ್ಣ ಎಂದೇ ಕರೆಯುತ್ತೇನೆ. ದ್ರಾಕ್ಷಿ ತೋಟ, ಅದನ್ನು ಒಣಗಿಸುವ ಶೆಡ್ಡು ಎರಡನ್ನೂ ಅವನೇ ನೋಡಿಕೊಳ್ಳುತ್ತಾನೆ. ನಳಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಉಗುಳ ಒಯ್ಯಾಕ ಜಲನಗರದಿಂದ ಗಾಡಿ ಮ್ಯಾಲ ಬಂದ್ಯಾ? ಶೆಡ್ಡಿನ ಗ್ವಾಡಿ ನೋಡಲೇ, ಎಲಿ ಅಡಿಕಿ ತಿಂದು ಇಪ್ಪತ್ತ ವರ್ಷದ್ದು ಜಮಾ ಮಾಡೇನಿ. ಕೆರಕೊಂಡ ಹೋಗು."

ಮೂರನೆಯ ನಳಿಕೆ ಬಬಲೇಶ್ವರಕ್ಕೆ ಹೋಯಿತು, ನಮ್ಮದೇ ಅಡ್ಡಹೆಸರಿನ ಒಬ್ಬ ಹಿರಿಯರಿಗೆ.

ಆ ಅಡ್ಡಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಹಗೇವಿನ ಮನೆಯವರು ಎಂದು ಅದರ ಅರ್ಥ, ಅಷ್ಟು ಸಾಕು. ಹಗೇವು ಎಂದರೆ ನೆಲದೊಳಗೆ ಆಳಕ್ಕೆ ಅಗೆದು, ಜೋಳ ತುಂಬಿ, ಬಾಯಿಗೆ ಕಲ್ಲು ಹೊದಿಸಿ ಮಣ್ಣು ಮೆತ್ತುವ ಕಣಜ. ನಮ್ಮ ಕಡೆ ದೊಡ್ಡ ಮನೆಗಳಿಗೆಲ್ಲ ಒಂದು ಕಾಲಕ್ಕೆ ಅದು ಇರುತ್ತಿತ್ತು. ನಮ್ಮ ಮನೆಗೆ ಮಾತ್ರ, ಹೆಸರಿನಲ್ಲೇ ಇದ್ದರೂ, ಇರಲಿಲ್ಲ. ಅದಕ್ಕೊಂದು ಕಥೆ ಇತ್ತು. ನಮ್ಮ ಮೂಲಪುರುಷ ಬಬಲೇಶ್ವರದಿಂದ ತಿಕೋಟಾಕ್ಕೆ ಬಂದು ನೆಲೆಸಿದವನು. ದೊಡ್ಡ ಬರ ಬಿದ್ದಾಗ ತನ್ನ ಹಗೇವಿನ ಬಾಯಿ ತೆಗೆದು, ತಳ ಕಾಣುವತನಕ ಊರಿಗೆ ಜೋಳ ಅಳೆದ. ಖಾಲಿಯಾದ ಮೇಲೆ ಅದನ್ನು ಮುಚ್ಚಿಸಿಬಿಟ್ಟ. ಊರು ಅವನಿಗೆ ಈ ಹೆಸರು ಕೊಟ್ಟಿತು, ಬಬಲೇಶ್ವರದಲ್ಲಿ ಉಳಿದ ದಾಯಾದಿಗಳೂ ಅದನ್ನೇ ಇಟ್ಟುಕೊಂಡರು. ದೊಡ್ಡಪ್ಪ ಈ ಕಥೆಯನ್ನು ಹೇಳುವಾಗ ಜೋಳ ಅಳೆಯುವಂತೆ ಎರಡೂ ಕೈ ಆಡಿಸುತ್ತಿದ್ದ.

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಇಂಥ ಕಥೆ ಕೇಳಿದರೆ ಮೈ ಉರಿಯುವ ಸ್ವಭಾವವನ್ನು ವಿಶ್ವವಿದ್ಯಾಲಯದಿಂದ ಹೊತ್ತು ತಂದವನು. ಯಾರ ಮೂಲಪುರುಷನೂ ಜಿಪುಣನಾಗಿರಲಿಲ್ಲ, ಯಾರವನೂ ರಣರಂಗದಿಂದ ಓಡಿಹೋಗಿರಲಿಲ್ಲ. ಹಿತ್ತಲಲ್ಲಿ ಹಗೇವು ಇದ್ದ ಯಾರಿಗಾದರೂ ಈ ಹೆಸರು ಬಂದಿರಬಹುದು, ಬಬಲೇಶ್ವರದವರಿಗೂ ನಮಗೂ ಸಂಬಂಧವೇ ಇರಲಿಕ್ಕಿಲ್ಲ ಎಂಬುದು ನನ್ನ ವಾದ. ಗಂಡಸಿನಿಂದ ಗಂಡುಮಗನಿಗೆ ಮಾತ್ರ ಇಳಿಯುವ ಒಂದು ಎಳೆ ನಮ್ಮ ಮೈಯಲ್ಲಿದೆ. ಅಡ್ಡಹೆಸರೂ ಅದೇ ದಾರಿಯಲ್ಲಿ ಇಳಿಯುತ್ತದೆ. ಎರಡನ್ನೂ ಎದುರುಬದುರು ಇಟ್ಟರೆ ದೊಡ್ಡಪ್ಪನ ಕಥೆ ಬಿದ್ದುಹೋಗುತ್ತದೆ ಎಂದುಕೊಂಡಿದ್ದೆ.

ಕಥೆ ಬೀಳಲಿಲ್ಲ. ಬಬಲೇಶ್ವರದ ಹಿರಿಯರು ಮತ್ತು ಅಣ್ಣ ಒಂದೇ ಎಳೆಯವರು. ಬೇರೆಯಾದವನು ನಾನು.

ನಳಿಕೆ ಅದಲುಬದಲಾಗಿರಬೇಕೆಂದು ಇನ್ನೊಮ್ಮೆ ಕಳಿಸಿದೆ. ಅದೇ ಉತ್ತರ ಬಂತು. ಅಂದರೆ ನಾನು ನನ್ನ ಅಪ್ಪನ ಮಗನಲ್ಲ, ಇಲ್ಲವೇ ನನ್ನ ಅಪ್ಪ ನನ್ನ ಮುತ್ಯಾನ ಮಗನಲ್ಲ. ಮೊದಲನೆಯದನ್ನು ಕನ್ನಡಿಯೇ ತಳ್ಳಿಹಾಕಿತು. ಅಪ್ಪನ ಅಗಲ ಕಿವಿ, ಅಪ್ಪನ ಬೋಳುತಲೆ, ಎಡಗಾಲು ಸ್ವಲ್ಪ ಎಳೆದಂತೆ ನಡೆಯುವ ಅಪ್ಪನ ನಡಿಗೆ, ಎಲ್ಲವೂ ನನ್ನಲ್ಲಿವೆ. ಉಳಿದದ್ದು ಎರಡನೆಯದು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ಕೇಳುವಂತಿರಲಿಲ್ಲ.

ಆಗ ನಾನು ಮಾಡಿದ ತಪ್ಪು ಇದು: ಹೋಗಿ ಕುಳಿತು ಮಾತಾಡುವುದನ್ನು ಬಿಟ್ಟು ಅಣ್ಣನಿಗೆ ಫೋನು ಮಾಡಿದೆ. ದ್ರಾಕ್ಷಿ ಒಣಗಿಸುವ ಸುಗ್ಗಿ. ಒಣಹಾಕುವ ಮೊದಲು ಗೊನೆಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಆ ದಿನಗಳಲ್ಲಿ ಶೆಡ್ಡಿನಲ್ಲಿ ಯಾರೂ ಫೋನನ್ನು ಕಿವಿಗೆ ಹಿಡಿಯುವುದಿಲ್ಲ. ಜಿಡ್ಡಿನ ಕೈಯ ಒಂದು ಬೆರಳಿನಿಂದ ಸ್ಪೀಕರ್ ಒತ್ತಿ ಕ್ರೇಟಿನ ಮೇಲೆ ಇಟ್ಟುಬಿಡುತ್ತಾರೆ. ನನಗೆ ಗೊತ್ತಿದ್ದ ಸಂಗತಿಯೇ. ಮರೆತೆ. ಪಾಠ ಹೇಳುವ ದನಿಯಲ್ಲಿ, ನಮ್ಮಪ್ಪ ಮುತ್ಯಾನ ಮಗ ಅಲ್ಲ, ಇದು ನೂರಕ್ಕೆ ನೂರು ಖಾತ್ರಿ ಎಂದೆ. ಅಣ್ಣ ಸ್ಪೀಕರ್ ಆರಿಸಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ಅಪ್ಪ ಇಲ್ಲೇ ಹೊರಸಿನ ಮ್ಯಾಲ ಕುಂತಾನಲೇ."

ದೊಡ್ಡಪ್ಪನಿಗೆ ಎಂಬತ್ತೈದು ದಾಟಿತ್ತು. ಉಸಿರಿನ ತೊಂದರೆ. ಆದರೂ ಹಗಲೆಲ್ಲ ಶೆಡ್ಡಿನಲ್ಲೇ ಕೂರುತ್ತಿದ್ದ. ಅಂದು ಎದ್ದು ಮನೆಗೆ ಹೋದವನು ಮತ್ತೆ ಶೆಡ್ಡಿಗೆ ಬರಲಿಲ್ಲವಂತೆ. ಊಟ ಅರ್ಧಕ್ಕೆ ಬಂತು. ಒಂದು ವಾರ ಕಳೆದು ಅಣ್ಣ ಫೋನು ಮಾಡಿ, ಅಪ್ಪ ನಿನ್ನನ್ನು ಕರೆಯುತ್ತಿದ್ದಾನೆ ಎಂದ. ಹಿಂದೆಯೇ ಫೋನು ಇಟ್ಟ.

ನಾನು ಹೋದಾಗ ದೊಡ್ಡಪ್ಪ ಪಡಸಾಲೆಯಲ್ಲಿ ದಿಂಬಿಗೆ ಒರಗಿದ್ದ. ಅಣ್ಣ ಬಾಗಿಲಿಗೆ ನಿಂತ. ಕೇಳಿಸಿಕೊಳ್ಳಲಿ ಎಂದೇ ದೊಡ್ಡಪ್ಪ ಅವನನ್ನು ಕಳಿಸಲಿಲ್ಲವೇನೋ.

ದೊಡ್ಡಪ್ಪ ಹತ್ತು ವರ್ಷದವನಿದ್ದಾಗ ನಡೆದದ್ದು. ನಮ್ಮ ಹಿತ್ತಲಲ್ಲಿ ಹಗೇವು ಇತ್ತು. ಮನೆಯಲ್ಲಿ ದುಡಿಯುತ್ತಿದ್ದ ಒಬ್ಬ ಆಳುಮನುಷ್ಯ, ಅವನ ಹೆಂಡತಿ, ಎಂಟು ತಿಂಗಳ ಗಂಡುಕೂಸು ಹಿತ್ತಲ ಗುಡಿಸಲಲ್ಲಿದ್ದರು. ಅವನ ಕಡೆಯವರು ಎನ್ನುವವರು ಯಾರೂ ಇರಲಿಲ್ಲ. ಹಗೇವಿನ ಬಾಯಿ ತೆಗೆದರೆ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು ರೂಢಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಮನುಷ್ಯ ಇಳಿಯಬಾರದು. ಅಂದು ಮುತ್ಯಾನಿಗೆ ಅವಸರ.

"ನಿನ್ನಿ ತೆರದದ್ದೈತಿ, ದೀಪ ಗೀಪ ಬ್ಯಾಡ, ಇಳಿ ಅಂದ ನಮ್ಮಪ್ಪ," ಎಂದ ದೊಡ್ಡಪ್ಪ. "ಅಂವ ಇಳದ. ಎರಡು ಬುಟ್ಟಿ ಮ್ಯಾಲ ಬಂದ್ವು. ಮೂರನೇದು ಬರ್ಲಿಲ್ಲ."

ಆಳಿನ ಹೆಂಡತಿ ಬಬಲೇಶ್ವರದ ಕಡೆಯವಳು. ವರ್ಷ ತುಂಬಿದ ಮೇಲೆ ಅವಳ ಅಣ್ಣಂದಿರು ಬಂದು ಅವಳಿಗೆ ಉಡಿಕಿ ಮಾಡಿದರು, ಅಂದರೆ ಗಂಡ ಸತ್ತವಳಿಗೆ ಎರಡನೆಯ ಮದುವೆ. ಉಡಿಕಿಯಾದ ಹೆಂಗಸು ಮೊದಲ ಗಂಡನ ಕೂಸನ್ನು ಕರೆದೊಯ್ಯುವಂತಿರಲಿಲ್ಲ, ಕೂಸು ಆ ಗಂಡನ ಮನೆಗೇ ಸೇರಿದ್ದು. ಆದರೆ ಈ ಕೂಸಿಗೆ ಅಂಥ ಮನೆ ಇರಲಿಲ್ಲ. ಮುತ್ಯಾ ನಾಲ್ಕು ಜನರೆದುರು, ಇದೇ ಅವನ ಮನೆ, ನನ್ನ ಹೆಸರೇ ಅವನ ಹೆಸರು ಎಂದ. ಹೋಗುವಾಗ ಅವಳು ಕೂಸನ್ನು ಮುತ್ಯಾನ ಕೈಗೂ ಕೊಡಲಿಲ್ಲ, ಅವನ ಹೆಂಡತಿ, ನಮ್ಮ ಆಯಿಯ ಕೈಗೂ ಕೊಡಲಿಲ್ಲ. ಹನ್ನೊಂದು ವರ್ಷದ ದೊಡ್ಡಪ್ಪನ ಸೊಂಟದ ಮೇಲೆ ಕೂರಿಸಿದಳು. ಇವನು ಹೊರಗಿನವನು ಎಂದು ಇವನಿಗೆ ಎಂದೂ ತಿಳಿಯಕೂಡದು ಎಂದು ಅವನಿಂದ ಭಾಷೆ ತೆಗೆದುಕೊಂಡಳು.

"ಎಂದೂ ತಿಳೀಗೊಡಸ್ಲಿಲ್ಲ," ಎಂದ ದೊಡ್ಡಪ್ಪ. "ಊರಿಗೆ ಗೊತ್ತಿತ್ತು. ಗೊತ್ತಿದ್ದವರೆಲ್ಲಾ ಒಬ್ಬೊಬ್ಬರ ಮಣ್ಣಾಗ ಹೋದ್ರು. ನಾ ಉಳದಿದ್ದೆ."

ನಾನು ಬರಗಾಲದ ಕಥೆ ಕೇಳಿದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲೂ ನನಗೆ ಆಕರ ಬೇಕಾಗಿತ್ತು.

"ಯಾವ ಬರ? ಹಗೇವು ಅವತ್ತಽ ಮುಚ್ಚಿಸಿದ್ರು. ನಿಮ್ಮಪ್ಪ ಸಣ್ಣಾಂವಿದ್ದಾಗ ಕೇಳ್ತಿದ್ದ, ನಮ್ಮ ಹೆಸರಾಗ ಹಗೇವು ಐತಿ, ಮನ್ಯಾಗ ಯಾಕಿಲ್ಲ ಅಂತ. ಏನರೆ ಹೇಳಬೇಕಿತ್ತಲ್ಲ ಯಪ್ಪಾ."

ನಾನು ಇಪ್ಪತ್ತು ವರ್ಷ ಅಲ್ಲಗಳೆಯುತ್ತ ಬಂದ ದಂತಕಥೆಗೆ ನನ್ನ ಅಪ್ಪನಷ್ಟೇ ವಯಸ್ಸಾಗಿತ್ತು. ಒಬ್ಬ ಹುಡುಗ ತನ್ನ ತಮ್ಮನನ್ನು ಸುಮ್ಮನಾಗಿಸಲು ಕಟ್ಟಿದ್ದು.

ನನಗೊಂದು ನೆನಪಿದೆ. ಅಪ್ಪ ಆಗ ಗುಮಾಸ್ತ, ನಾವು ಸಿದ್ಧೇಶ್ವರ ಗುಡಿಯ ಹತ್ತಿರ ಬಾಡಿಗೆಗಿದ್ದೆವು. ಆರೋ ಏಳೋ ವರ್ಷದ ನಾನು ಅಪ್ಪ, ದೊಡ್ಡಪ್ಪನ ಜೊತೆ ಬಬಲೇಶ್ವರದ ಒಂದು ಮನೆಗೆ ಹೋಗಿದ್ದೆ. ಒಬ್ಬ ಮುದುಕಿ ಅಪ್ಪನ ಎದುರು ಕುಳಿತು ತನ್ನ ಕೈಯಿಂದ ಮಾದಲಿ ಉಣಿಸಿದಳು. ಮೀಸೆ ಬಂದ ಗಂಡಸಿಗೆ ತುತ್ತು ಕೊಡುವುದನ್ನು ನೋಡಿ ನಾನು ನಕ್ಕೆ. ದೊಡ್ಡಪ್ಪ ಒಳಗೆ ಬರದೆ ಕಟ್ಟೆಯ ಮೇಲೇ ಕುಳಿತಿದ್ದ. ಈ ನೆನಪು ಮೊದಲಿನಿಂದ ಇತ್ತೋ, ನಳಿಕೆಯ ಉತ್ತರ ಬಂದ ಮೇಲೆ ಹುಟ್ಟಿತೋ ಎಂದು ಆ ವಾರವೆಲ್ಲ ನನ್ನನ್ನೇ ಸಂಶಯಿಸಿದ್ದೆ. ದೊಡ್ಡಪ್ಪನನ್ನು ಕೇಳಿದೆ. ನಿಜವೇ. ಅಪ್ಪನನ್ನು ಹೆತ್ತ ಅವಳು ಮಗನನ್ನು ಒಮ್ಮೆ ನೋಡಬೇಕೆಂದು ಹೇಳಿಕಳಿಸಿದ್ದಳು, ದೂರದ ಅತ್ತಿ ಎಂದು ಅಪ್ಪನಿಗೆ ಹೇಳಿ ಕರೆದೊಯ್ದಿದ್ದ.

ಆಮೇಲೆ ನನ್ನನ್ನು ಕರೆಸಿದ್ದು ಯಾಕೆಂದು ಗೊತ್ತಾಯಿತು. ಕಥೆ ಹೇಳಲಿಕ್ಕಲ್ಲ, ಕೇಳಲಿಕ್ಕೆ.

"ದವಾಖಾನ್ಯಾಗ ಕಡೀತನಕ ನೀನಽ ಇದ್ದಿ," ಎಂದ. "ಖರೇ ಹೇಳು. ನಿಮ್ಮಪ್ಪಗ ಗೊತ್ತಿತ್ತೇನು?"

ದವಾಖಾನೆಯಲ್ಲಿ ಅಪ್ಪ ಏನೂ ಹೇಳಲಿಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಜಲನಗರದ ನಮ್ಮ ಮನೆಯ ನೀರಿನ ಸಂಪು. ವರ್ಷಕ್ಕೊಮ್ಮೆ ಅದನ್ನು ತೊಳೆಯಲು ಇಬ್ರಾಹಿಂಪುರದಿಂದ ಒಬ್ಬ ಬರುತ್ತಿದ್ದ. ಅವನು ಇಳಿಯುವ ಮೊದಲು ಅಪ್ಪ ದಾರಕ್ಕೆ ಮೇಣಬತ್ತಿ ಕಟ್ಟಿ ಹಚ್ಚಿ ಒಳಗೆ ಇಳಿಬಿಡುತ್ತಿದ್ದ. ಆರಡಿ ಆಳದ ತೊಟ್ಟಿಗೆ ಈ ನಾಟಕ ಯಾಕೆ ಎಂದು ನಾನು ಆಡಿಕೊಂಡಿದ್ದೆ. "ಶಾಣ್ಯಾ," ಎಂದಿದ್ದ ಅಪ್ಪ, "ದೀಪ ಇಳಿಸದಽ ಮನಷ್ಯಾನ್ನ ಇಳಸಬಾರದು. ಒಂದು ಮನಿ ಮುಣಗತೈತಿ."

ಮೊದಲ ಮಾತು ಅಪ್ಪ ಹೇಳಿದ್ದು ಖಚಿತ. ಮನೆ ಮುಳುಗುತ್ತದೆ ಎಂಬ ಎರಡನೆಯದರ ಬಗ್ಗೆ ಆಣೆ ಮಾಡಲಾರೆ. ದೊಡ್ಡಪ್ಪನ ಬಾಯಿಂದ ಹಗೇವಿನ ಸಂಗತಿ ಕೇಳಿ ಹತ್ತು ನಿಮಿಷವೂ ಆಗಿರಲಿಲ್ಲ, ನನ್ನ ತಲೆಯೇ ಅದನ್ನು ಸೇರಿಸಿರಬಹುದು. ಹೇಳಿದ್ದರೂ ಅದು ಹಳ್ಳಿಯಲ್ಲಿ ಬೆಳೆದ ಯಾರಾದರೂ ಆಡುವ ಮಾತೇ. ಗೊತ್ತಿತ್ತು ಎನ್ನಲೂ ಪುರಾವೆ ಸಾಲದು, ಇರಲಿಲ್ಲ ಎನ್ನಲೂ ಸಾಲದು. ಬೇರೆ ಯಾರೇ ಕೇಳಿದ್ದರೂ ಹಾಗೆಂದೇ ಹೇಳುತ್ತಿದ್ದೆ.

"ಇಲ್ಲರಿ ದೊಡ್ಡಪ್ಪ," ಎಂದೆ. "ಅವನಿಗೆ ಗೊತ್ತಿರಲಿಲ್ಲ."

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ಅಗಲ ಕಿವಿಗಳನ್ನೂ ನೋಡಿರಬೇಕು. "ಹಂಗಾದ್ರ ಸಾಕು," ಎಂದು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ, ಹೆಸರು ಹೆಸರಿನಂತೆ ಇರಲಿ, ಆ ಪರೀಕ್ಷೆಯ ಕಾಗದ ಯಾರಿಗೂ ತೋರಿಸಬೇಡ ಎಂದ. ಅದಕ್ಕೇ ಹೆಸರು ಬರೆದಿಲ್ಲ.

ದೊಡ್ಡಪ್ಪ ಮಳೆಗಾಲ ನೋಡಲಿಲ್ಲ. ನನ್ನ ಫೋನಿನಿಂದ ಅವನ ಆಯುಷ್ಯ ಕಡಿಮೆಯಾಯಿತೇ ಎಂದು ಡಾಕ್ಟರನ್ನು ಕೇಳಲಾಗದು. ಶ್ವಾಸಕೋಶ ಮೊದಲೇ ಸೋತಿತ್ತು ಎಂದು ಅಣ್ಣನೇ ನಾಲ್ಕು ಸಲ ಹೇಳಿದ. ನಾಲ್ಕು ಸಲ ಯಾಕೆ ಹೇಳಿದ?

ಮಣ್ಣಿಗೆ ಊರೆಲ್ಲ ಬಂದಿತ್ತು, ಬಬಲೇಶ್ವರದ ಹಿರಿಯರೂ ಬಂದಿದ್ದರು. ನಮ್ಮಲ್ಲಿ ಹೆಣವನ್ನು ಕುಣಿಯೊಳಗೆ ಕೂರಿಸುತ್ತಾರೆ, ಅದಕ್ಕೆ ಮನೆತನದ ಗಂಡಸರು ಕೆಳಗೆ ಇಳಿದು ಹಿಡಿಯಬೇಕು. ಮನೆತನದವರು ಇಳಿಯಿರಿ ಎಂದು ಯಾರೋ ಕೂಗಿದರು. ಅಣ್ಣ ಇಳಿದ. ಬಬಲೇಶ್ವರದ ಹಿರಿಯರು ಪಂಜೆ ಎತ್ತಿ ಕಟ್ಟಿದರು, ಆ ವಯಸ್ಸಿನಲ್ಲಿ ಅವರಿಂದ ಆಗುವಂತಿರಲಿಲ್ಲ. ನಾನು ಜನರ ಹಿಂದೆ ನಿಂತಿದ್ದೆ. ಪ್ರತಿಸಲ ಯಾವ ಹಿಂಜರಿಕೆಯೂ ಇಲ್ಲದೆ ಮುಂದೆ ಹೋಗುತ್ತಿದ್ದವನು ನಾನೇ, ಅಪ್ಪನ ಮಣ್ಣಿನಲ್ಲಿ ಇದೇ ಅಣ್ಣನ ಜೊತೆ ಇಳಿದಿದ್ದವನು.

ಅಣ್ಣ ತಲೆಯೆತ್ತಿ ನನ್ನನ್ನು ಹುಡುಕಿದ.

"ಅಲ್ಲೇನ ನಿಂತೀಲೇ? ಇಳಿ. ಒಬ್ಬನ ಕಡಿಂದ ಆಗೂದಿಲ್ಲ."

ಇಳಿದೆ. ದೊಡ್ಡಪ್ಪನ ಮೈ ಹಗುರಾಗಿತ್ತು, ಒಬ್ಬನಿಂದಲೇ ಆಗುತ್ತಿತ್ತು.

ಮೂರು ತಿಂಗಳ ಮೇಲೆ ಸಂಪು ತೊಳೆಯುವವನು ಬಂದ. ಅಪ್ಪ ಹೋದ ಮೇಲೆ ಆರು ವರ್ಷವೂ ಅವನು ಸುಮ್ಮನೆ ಇಳಿದು ಹತ್ತಿದ್ದ. ಮುಚ್ಚಳ ಸರಿಸಿದಾಗ ನಾನು ಬಗ್ಗಿ ನೋಡಿದೆ. ಒಳಗಿನ ಕಬ್ಬಿಣದ ಬಳೆಗೆ ಒಂದು ನೈಲಾನ್ ದಾರ ಸುತ್ತಿತ್ತು. ತುದಿಯಲ್ಲಿ ತುಕ್ಕು ಹಿಡಿದ ತಂತಿಯ ಕೊಕ್ಕೆ, ಅದಕ್ಕೆ ಹತ್ತಿಕೊಂಡು ಗಟ್ಟಿಯಾದ ಮೇಣ. ಅಷ್ಟು ಮಾತ್ರ ಸುಳ್ಳಲ್ಲ, ಅಪ್ಪ ದೀಪ ಇಳಿಸುತ್ತಿದ್ದ. ಯಾರಿಗಾಗಿ ಇಳಿಸುತ್ತಿದ್ದ ಎಂದು ದಾರ ಹೇಳುವುದಿಲ್ಲ.

ನಾನು ಒಳಗಿನಿಂದ ಮೇಣಬತ್ತಿ ತಂದೆ. ಸಂಪಿನವನು ನಕ್ಕು, ಹಿರಿಯರ ರೋಗ ನಿಮಗೂ ಬಂತೇನ್ರಿ ಸರ್ ಎಂದ. ಬತ್ತಿ ಹಚ್ಚಿ, ದಾರ ಬಿಡುತ್ತ ಹೋದೆ. ಉರಿ ತಳದವರೆಗೆ ಹೋಯಿತು, ಅಲ್ಲಾಡಿತು, ಆರಲಿಲ್ಲ. ಅವನು ಕಾಯುತ್ತಿದ್ದ. ನಾನು ಇನ್ನೂ ಸ್ವಲ್ಪ ಹೊತ್ತು ದಾರ ಹಿಡಿದೇ ಇದ್ದೆ. ಆಮೇಲೆ ಮೇಲಕ್ಕೆಳೆದು, ಇಳಿಯಪ್ಪಾ ಎಂದೆ.