ಅಕ್ಕ ಬೇಸ್ ಹಿಡಿದದ್ದು

ಅಕ್ಕ ಮನೆಗೆ ತಂದ ಗಿಟಾರಿಗೆ ನಾಲ್ಕೇ ತಂತಿಗಳಿರುವುದನ್ನು ಕಂಡು ತಮ್ಮನಿಗೆ ಅಯ್ಯೋ ಪಾಪ ಎನಿಸಿತು. ಗಿಟಾರಿಗೆ ಆರು ತಂತಿ ಎಂಬಷ್ಟು ಲೋಕಜ್ಞಾನ ಅವನಿಗಿತ್ತು. ಯಾರೋ ಹಳೆಯದನ್ನು ದಾಟಿಸಿದ್ದಾರೆ, ಎರಡು ತಂತಿ ಕಿತ್ತುಹೋಗಿವೆ, ಅಕ್ಕ ಸಂಕೋಚಕ್ಕೆ ಬಾಯಿ ಬಿಟ್ಟಿಲ್ಲ ಎಂದು ತಾನೇ ತೀರ್ಮಾನ ಮಾಡಿಕೊಂಡ. ಮರುದಿನ ಕೊರಿಯರ್ ಆಫೀಸಿನಿಂದ ಅರ್ಧ ಗಂಟೆ ಮೊದಲೇ ಜಾರಿಕೊಂಡು ವಾದ್ಯಗಳ ಅಂಗಡಿಗೆ ಹೋಗಿ ಎರಡು ತಂತಿ ಕೇಳಿದ.

"ಯಾವ ತಂತಿ?" ಎಂದರು ಅಂಗಡಿಯವರು.

"ಇಲ್ದೇ ಇರೋವು."

ಫೋನಿನಲ್ಲಿ ಫೋಟೋ ತೋರಿಸಿದ. ಅಂಗಡಿಯವರು ಫೋಟೋ ನೋಡಿದರು, ಇವನ ಮುಖ ನೋಡಿದರು, ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು ಎರಡನ್ನೂ ತೋರಿಸಿದರು. "ಇದು ಬೇಸ್ ಗಿಟಾರು ಸಾರ್, ತಗ್ಗಿನ ಸ್ವರಕ್ಕೆ ಇರೋದು. ಇದಕ್ಕಿರೋದೇ ನಾಲ್ಕು. ಹುಟ್ಟಿದಾಗಿಂದ ಹೀಗೇ ಇದೆ."

ಆ ಮಹಾಶಯ ಈ ಸಾಲುಗಳನ್ನು ಬರೆಯುತ್ತಿರುವವನೇ. ಆದರೆ ಇದು ಅಕ್ಕನ ಕಥೆ. ಇದರಲ್ಲಿ ಅವನಿಗೆ ತಮ್ಮನ ಪಾತ್ರ ಸಿಕ್ಕಿದ್ದೇ ಹೆಚ್ಚು.

ಅಕ್ಕನಿಗೆ ಮೂವತ್ತೊಂಬತ್ತು ವರ್ಷ. ಪುಸ್ತಕ ಬೈಂಡ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅಲ್ಲೊಂದು ಉದ್ದನೆಯ ಮೇಜು. ಅದರ ಅಂಚಿನುದ್ದಕ್ಕೂ ಮಡಿಸಿದ ಹಾಳೆಗಳ ಹನ್ನೆರಡು ರಾಶಿ. ಒಂದೊಂದು ರಾಶಿಯಲ್ಲೂ ಪುಸ್ತಕದ ಹದಿನಾರು ಪುಟ. ಎಂಟು ಹೆಂಗಸರು ಸಾಲಾಗಿ ಮೇಜಿನ ಸುತ್ತ ನಡೆಯುತ್ತ ಒಂದೊಂದು ರಾಶಿಯಿಂದ ಒಂದೊಂದು ಎತ್ತಿಕೊಳ್ಳುತ್ತಾರೆ. ಒಂದು ಸುತ್ತು ಮುಗಿದರೆ ಕೈಯಲ್ಲಿ ಒಂದು ಪುಸ್ತಕ. ಸಾಲಿನ ಮುಂದೆ ನಡೆಯುವವಳ ಹೆಜ್ಜೆಯೇ ಎಲ್ಲರ ಹೆಜ್ಜೆ. ಅವಳು ಆತುರಪಟ್ಟರೆ ಹಿಂದಿನವರಲ್ಲಿ ಯಾರೋ ಒಂದು ರಾಶಿ ತಪ್ಪಿಸುತ್ತಾರೆ; ಯಾವುದೋ ಊರಿನ ಯಾವನೋ ಓದುಗ ಎಂಬತ್ತನೆಯ ಪುಟದಿಂದ ನೇರ ತೊಂಬತ್ತೇಳಕ್ಕೆ ಬಿದ್ದು ಲೇಖಕನಿಗೆ ಶಾಪ ಹಾಕುತ್ತಾನೆ. ಹನ್ನೊಂದು ವರ್ಷದಿಂದ ಆ ಸಾಲಿನ ಮುಂದೆ ನಡೆಯುತ್ತಿರುವವಳು ಅಕ್ಕ.

ಮೂರು ವರ್ಷದ ಕೆಳಗೆ ಇದ್ದಕ್ಕಿದ್ದಂತೆ ಗಿಟಾರ್ ಕ್ಲಾಸಿಗೆ ಸೇರಿದಳು. ಟೈರ್ ಅಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆ. ಸೋಮವಾರ, ಗುರುವಾರ ಸಂಜೆ ಪಾಠ. ಕಲಿಯುವವರೆಲ್ಲ ಸಂಬಳಕ್ಕೆ ದುಡಿದು ಸುಸ್ತಾಗಿ ಬರುವ ದೊಡ್ಡವರೇ. ಅಕ್ಕನಿಗೆ ಕೈ ಬೇಗ ಕೂರಲಿಲ್ಲ. ಆದರೂ ಮೂರನೆಯ ವರ್ಷದ ಹೊತ್ತಿಗೆ, ವಾರ್ಷಿಕ ಕಾರ್ಯಕ್ರಮದಲ್ಲಿ ಮೇಷ್ಟ್ರು ತಾವೇ ಕಟ್ಟಿದ ಹಾಡೊಂದರ ನಡುವೆ ಒಬ್ಬಳೇ ನುಡಿಸುವ ಎಂಟು ಸಾಲನ್ನು ಅವಳಿಗೆ ಕೊಟ್ಟಿದ್ದರು. ಆ ಎಂಟು ಸಾಲನ್ನು ಅವಳು ತರಕಾರಿ ಹೆಚ್ಚುವಾಗಲೂ ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು.

ಕಾರ್ಯಕ್ರಮಕ್ಕೆ ಹತ್ತು ವಾರವಿದ್ದಾಗ ಬೇಸ್ ನುಡಿಸುತ್ತಿದ್ದವರಿಗೆ ಬೇರೆ ಊರಿಗೆ ವರ್ಗವಾಯಿತು.

"ಬೇಸ್ ಇಲ್ದೆ ಈ ಹಾಡು ನಿಲ್ಲಲ್ಲ," ಎಂದರು ಮೇಷ್ಟ್ರು. "ಯಾರಾದ್ರೂ ಹಿಡೀತೀರಾ?"

ಎಲ್ಲರಿಗೂ ತಮ್ಮ ತಮ್ಮ ಚಪ್ಪಲಿಯ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ಅಕ್ಕ ಕೈ ಎತ್ತಿದಳು. "ನಾನು ಕಲೀತೀನಿ. ಆದ್ರೆ ಗಿಟಾರ್ ಪಾಠ ಬಿಡಲ್ಲ. ಎರಡೂ ನಡೀಲಿ."

"ಪಾಠ ಎರಡೂ ಇರ್ಲಿ. ಸ್ಟೇಜ್ ಮೇಲೆ ಒಂದೇ ಅಲ್ವಾ ಕೊರಳಿಗೆ ಹಾಕೋಕಾಗೋದು? ನಿಮ್ಮ ಎಂಟು ಸಾಲು ಬೇರೆಯವ್ರಿಗೆ ಹೋಗುತ್ತೆ ನೋಡಿ."

"ಹೋಗ್ಲಿ."

"ಆರು ವಾರ ನೋಡ್ತೀನಿ. ಬರ್ಲಿಲ್ಲ ಅಂದ್ರೆ ಹಾಡನ್ನೇ ಕೈಬಿಡೋಣ."

ಎಂಟು ಸಾಲು ಅದೇ ಕ್ಲಾಸಿನಲ್ಲಿ ಗಿಟಾರ್ ಕಲಿಯುತ್ತಿದ್ದ ಔಷಧಿ ಅಂಗಡಿಯವನ ಪಾಲಾಯಿತು. ಅಕ್ಕನಿಗೆ ಸಿಕ್ಕಿದ್ದು ಮೇಷ್ಟ್ರ ಹಳೆಯ ಬೇಸ್ ಮತ್ತು ಆರು ವಾರದ ಗಡುವು. ಇದು ಕೆಟ್ಟರೆ ಎಂಟು ಸಾಲೂ ಇಲ್ಲ, ಹಾಡೂ ಇಲ್ಲ.

ಮನೆಯಲ್ಲಿ ಇನ್ನೊಬ್ಬರಿದ್ದರು: ಇಬ್ಬರನ್ನೂ ಸಾಕಿ ಬೆಳೆಸಿದ ದೊಡ್ಡಮ್ಮ. "ಒಂದೇ ನೆಟ್ಟಗೆ ಬಂದಿಲ್ಲ, ಅದರ ಮೇಲೆ ಇನ್ನೊಂದು ಬೇರೆ ಕೇಡು! ಇದೇನೇ ಇದು, ಒನಕೆ ಹಾಗಿದೆ?"

ಒನಕೆಯ ತೂಕವೇ ಇತ್ತು. ತಂತಿಯ ಕೆಳಗೆ ಬೆರಳಿಡುವ ಮನೆಗಳ, ಅಂದರೆ ಫ್ರೆಟ್ಟುಗಳ, ಅಂತರ ಗಿಟಾರಿಗಿಂತ ಅಗಲ. ಅಕ್ಕನ ಕಿರುಬೆರಳು ಪಕ್ಕದ ಮನೆಗೆ ಹೋಗುವಷ್ಟರಲ್ಲಿ ತಾಳ ಹೊರಟುಹೋಗಿರುತ್ತಿತ್ತು. ಬಲಗೈಯ ಎರಡು ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು. ಎಲ್ಲಕ್ಕಿಂತ ದಪ್ಪ ತಂತಿ ಮೀಟಿದರೆ ಶೋಕೇಸಿನ ಗಾಜು ಗುಂಯ್ ಎನ್ನುತ್ತಿತ್ತು, ಒಳಗಿನ ಕಪ್ಪುಗಳು ಒಂದಕ್ಕೊಂದು ಹಲ್ಲು ಕಡಿಯುತ್ತಿದ್ದವು. ದೊಡ್ಡಮ್ಮ ಬಯ್ದರು. ಮೂರನೆಯ ದಿನ ಬಯ್ಯುತ್ತಲೇ, ಅಕ್ಕ ಕಾರ್ಖಾನೆಯಿಂದ ತಂದಿದ್ದ ರದ್ದಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎರಡು ಗಾಜಿನ ನಡುವೆ ತುರುಕಿದರು.

ತಮ್ಮನಿಗೆ ತಾಳ ಎಣಿಸುವ ಕೆಲಸ. ಒಂದು, ಎರಡು, ಮೂರು, ನಾಲ್ಕು. ಪಾರ್ಸೆಲ್ ಎಣಿಸಿ ಸಂಬಳ ತರುವವನು, ನಾಲ್ಕರವರೆಗೆ ಎಣಿಸುವುದೇನು ಮಹಾ ಎಂದುಕೊಂಡ. ಹತ್ತನೆಯ ನಿಮಿಷಕ್ಕೆ ಐದು ಎಂದುಬಿಟ್ಟ.

"ಇದಕ್ಕೇ ನಿನ್ ಆಫೀಸಲ್ಲಿ ಪಾರ್ಸೆಲ್ ಕಳೆದುಹೋಗೋದು," ಎಂದಳು ಅಕ್ಕ, ತಂತಿಯಿಂದ ಕಣ್ಣೆತ್ತದೆ.

ಆದರೆ ನಿಜವಾದ ತೊಂದರೆ ಬೆರಳಿನದಲ್ಲ. ಅಕ್ಕ ಬೇಸನ್ನೂ ಗಿಟಾರಿನ ಹಾಗೆಯೇ ನುಡಿಸುತ್ತಿದ್ದಳು. ಎಲ್ಲಿ ಒಂದು ಚೂರು ಖಾಲಿ ಜಾಗ ಕಂಡರೂ ಅಲ್ಲೊಂದು ಸ್ವರ. ಮೂರು ವರ್ಷ ಕಷ್ಟಪಟ್ಟು ಕಲಿತದ್ದನ್ನೆಲ್ಲ ಆ ದಪ್ಪ ತಂತಿಗಳ ಮೇಲೆ ಸುರಿಯುತ್ತಿದ್ದಳು. ನಾಲ್ಕನೆಯ ವಾರ ಎಲ್ಲರೂ ಸೇರಿ ನುಡಿಸಿದಾಗ ಡ್ರಮ್ಸ್ ಬಾರಿಸುವವರು ಕೋಲು ಕೆಳಗಿಟ್ಟರು. ಅವರು ಸಿಟಿ ಬಸ್ ಡ್ರೈವರ್, ಮಾತು ನೇರ.

"ಅಕ್ಕಾವ್ರೇ, ಬೇಜಾರು ಮಾಡ್ಕೋಬೇಡಿ. ನೀವು ಕಂಡಕಂಡಲ್ಲೆಲ್ಲ ಹಾರ್ನ್ ಹೊಡೀತಿದ್ದೀರಿ. ನಂಗೆ ಗಾಡಿ ಓಡ್ಸೋಕೇ ಬಿಡ್ತಿಲ್ಲ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಮನೆಗೆ ಬಂದು ಬೇಸನ್ನು ಚೀಲದಿಂದ ತೆಗೆಯಲೇ ಇಲ್ಲ. "ಎಂಟು ಸಾಲಾದ್ರೂ ಇಟ್ಕೊಂಡಿದ್ರೆ ಆಗ್ತಿತ್ತು ಕಣೋ," ಎಂದಳು. ತಮ್ಮ ಸಮಾಧಾನ ಮಾಡಲು ಹೋಗಿ, "ಒಂದು, ಎರಡು..." ಎಂದ. ದಿಂಬು ಹಾರಿಬಂದು ಮೂಗಿಗೆ ಬಡಿಯಿತು.

ಮರುದಿನ ಕಾರ್ಖಾನೆಯಲ್ಲಿ ನಡೆದದ್ದನ್ನು ಅಕ್ಕನೇ ಆಮೇಲೆ ಹೇಳಿದ್ದು. ತಲೆಯಲ್ಲಿ ಆ ಹಾಡೇ ಸುತ್ತುತ್ತಿತ್ತು. ಅವಳಿಗರಿವಿಲ್ಲದೆ ಕಾಲು ಹಾಡಿನ ನಡೆಗೆ ಬಿದ್ದಿತ್ತು. ಮುಂದೆ ನಡೆಯುವವಳೇ ನಿಧಾನವಾದ ಮೇಲೆ ಹಿಂದಿನ ಏಳು ಜನರೂ ನಿಧಾನ. ಇಡೀ ಮೇಜು ಬೆಳಗ್ಗಿನಿಂದ ಸಂಜೆಯವರೆಗೆ ಮೇಷ್ಟ್ರ ಹಾಡಿನ ಲಯದಲ್ಲಿ ಸುತ್ತಿತು. ಸಂಜೆ ಮಾಲೀಕರು ಬಂದು ನೋಡಿದರೆ ನೂರಾ ಇಪ್ಪತ್ತು ಪುಸ್ತಕ ಕಡಿಮೆ.

"ಏನಮ್ಮಾ ಇದು, ಎಲ್ರಿಗೂ ಒಟ್ಟಿಗೇ ಕಾಲುನೋವಾ?"

ಅಷ್ಟರಲ್ಲಿ ಪುಟ ಪರೀಕ್ಷಿಸುವ ಹಿರಿಯಾಕೆ ಕನ್ನಡಕ ಏರಿಸಿದರು. "ಸಾರ್, ಕಡಿಮೆ ಇದೆ, ನಿಜ. ಆದ್ರೆ ಇವತ್ತು ಒಂದೇ ಒಂದು ಪುಸ್ತಕ ತಪ್ಪಿಲ್ಲ. ನಾನು ಸೇರಿದಾಗಿಂದ ಇದೇ ಮೊದಲು."

ಮಾಲೀಕರು ಬಯ್ಯಬೇಕೋ ಮೆಚ್ಚಬೇಕೋ ತಿಳಿಯದೆ ಫ್ಯಾನ್ ಆರಿಸಿ ಹೋದರು. ಅಕ್ಕ ಮಾತ್ರ ಮೇಜಿನ ಬಳಿ ನಿಂತೇ ಇದ್ದಳು. ಹನ್ನೊಂದು ವರ್ಷದಿಂದ ದಿನಕ್ಕೆ ಎಂಟು ಗಂಟೆ ಮಾಡುತ್ತಿದ್ದದ್ದು ಬೇಸಿನ ಕೆಲಸವನ್ನೇ ಅಲ್ಲವೇ? ಮುಂದೆ ನಡೆಯುವವಳು ಹಿಂದಿನವರ ಹಾಳೆಯನ್ನು ತಾನೇ ಎತ್ತಿಕೊಡಲು ಹೋಗುವುದಿಲ್ಲ. ತನ್ನದೊಂದು ಹಾಳೆ, ತನ್ನದೊಂದು ಹೆಜ್ಜೆ. ಅಷ್ಟೇ.

ಆ ಸಂಜೆ ಅವಳು ಬೇಸ್ ಕೊರಳಿಗೆ ಹಾಕಿಕೊಂಡು ಊಟದ ಮೇಜಿನ ಸುತ್ತ ನಡೆಯುತ್ತ ನುಡಿಸಿದಳು. ಹೆಜ್ಜೆಗೊಂದು ಸ್ವರ, ಕೆಲವು ಹೆಜ್ಜೆಗೆ ಅದೂ ಇಲ್ಲ. ಹಿಂದೆ ಎಣಿಸುತ್ತ ತಮ್ಮ. ದೊಡ್ಡಮ್ಮ ಕುರ್ಚಿಯ ಮೇಲೆ ಕಾಲೆತ್ತಿಕೊಂಡು, "ನಿಮ್ಮಿಬ್ರಿಗೂ ಏನಾಗಿದೆ?" ಎಂದು ಕೇಳಿ, ಹಾಯಾಗಿ ನೋಡುತ್ತ ಕುಳಿತರು. ಆರನೆಯ ವಾರ ಬಸ್ ಡ್ರೈವರ್ ಕೋಲು ಕೆಳಗಿಡಲಿಲ್ಲ. ಹಾಡು ಮುಗಿದ ಮೇಲೆ ಮೇಷ್ಟ್ರು, "ಇರ್ಲಿ ಹಾಡು," ಎಂದರು.

ಕಾರ್ಯಕ್ರಮದ ದಿನ ಶಾಲೆಯೊಂದರ ಸಭಾಂಗಣ. ಅಕ್ಕ ಹಿಂದಿನ ಸಾಲಿನಲ್ಲಿ, ಡ್ರಮ್ಸ್ ಪಕ್ಕ. ತಮ್ಮ ಮತ್ತು ದೊಡ್ಡಮ್ಮ ಮೂರನೆಯ ಸಾಲಿನಲ್ಲಿ. ಹಾಡು ಚೆನ್ನಾಗಿಯೇ ಹೊರಟಿತು. ಎಂಟು ಸಾಲು ಬಂದಾಗ ಔಷಧಿ ಅಂಗಡಿಯವನು ಎದ್ದು ಮುಂದೆ ಬಂದ, ತುಂಬಿದ ಸಭೆ ನೋಡಿದ, ಗಾಬರಿಗೆ ಬೆರಳು ಓಟ ಕಿತ್ತವು. ಎರಡನೆಯ ಸಾಲಿಗೇ ಅವನು ತಾಳಕ್ಕಿಂತ ಮುಂದಿದ್ದ. ಅವನ ಹಿಂದೆ ಉಳಿದ ಗಿಟಾರುಗಳೂ ಓಡತೊಡಗಿದವು. ಬಸ್ ಡ್ರೈವರ್ ಅತ್ತ ನೋಡಿದರು, ಇತ್ತ ನೋಡಿದರು, ಕೊನೆಗೆ ಅಕ್ಕನ ಕಾಲು ನೋಡಿದರು.

ಅಕ್ಕನ ಕಾಲು ಓಡಲಿಲ್ಲ. ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಏಳುತ್ತಿತ್ತು, ಬೀಳುತ್ತಿತ್ತು. ಒಂದು ರಾಶಿ, ಒಂದು ಹಾಳೆ. ಡ್ರೈವರ್ ಅವಳ ಜೊತೆ ಬಂದರು. ಮುಂದೆ ಓಡಿದವನಿಗೆ ಬೆನ್ನ ಹಿಂದಿನ ತಾಳ ದೂರವಾದದ್ದು ಗೊತ್ತಾಗಿ ನಾಲ್ಕನೆಯ ಸಾಲಿನಲ್ಲಿ ತಡವರಿಸಿದ, ಐದರಲ್ಲಿ ಕಾದ, ಆರರಲ್ಲಿ ಅಕ್ಕನ ಹೆಜ್ಜೆಗೆ ಬಂದು ಸೇರಿದ. ಏಳು, ಎಂಟು. ಚಪ್ಪಾಳೆ ಬಿದ್ದಿತು. ಬಿದ್ದದ್ದು ಅವನಿಗೇ.

ಮೂರನೆಯ ಸಾಲಿನಲ್ಲಿ ತಮ್ಮ ಎಣಿಸುತ್ತಲೇ ಇದ್ದ. ಆ ಗದ್ದಲದಲ್ಲಿ ಒಮ್ಮೆಯೂ ಐದು ಎನ್ನಲಿಲ್ಲ. ಆರು ಸಾವಿರ ಪಾರ್ಸೆಲ್ ಸರಿಯಾದ ಮನೆಗೆ ಮುಟ್ಟಿಸಿದ್ದರೂ ಅವನ ಎದೆ ಇಷ್ಟು ಉಬ್ಬುತ್ತಿರಲಿಲ್ಲ. ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯನಿಗೆ, "ಹಿಂದೆ ನಿಂತಿದ್ದಾರಲ್ಲ, ಅವರು ನಮ್ಮಕ್ಕ," ಎಂದ. ಆತ ಗೌರವಕ್ಕೆ ತಲೆಯಾಡಿಸಿ ಎರಡು ಕುರ್ಚಿ ಆಚೆಗೆ ಹೋಗಿ ಕುಳಿತ.

ಹೊರಗೆ ಮೆಟ್ಟಿಲ ಬಳಿ ಎಲ್ಲರೂ ಔಷಧಿ ಅಂಗಡಿಯವನ ಕೈ ಕುಲುಕುತ್ತಿದ್ದರು. ಅವನು ಮಾತ್ರ ಗುಂಪಿನಿಂದ ಬಿಡಿಸಿಕೊಂಡು ಬಂದು, "ಅಕ್ಕಾ, ಇವತ್ತು ಮಾನ ಉಳಿಸಿದ್ರಿ," ಎಂದು ಹೇಳಿ ಹೋದ. ಅಕ್ಕ ಬೇಸನ್ನು ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತಿದ್ದಳು. ಮೇಷ್ಟ್ರು, ಡ್ರೈವರ್ ಇಬ್ಬರೂ ಪಕ್ಕದಲ್ಲೇ ಇದ್ದರು. ದೊಡ್ಡಮ್ಮನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ಅಲ್ಲ ಕಣೇ, ಎಲ್ರೂ ಅವನನ್ನೇ ಹೊಗಳ್ತಿದ್ದಾರೆ. ನಿಂಗೆ ಗಿಟಾರ್ ಸರಿಯಾಗಿ ಬರಲ್ಲ ಅಂತ ಹಿಂದೆ ನಿಲ್ಲಿಸಿ ಇದನ್ನ ಕೊಟ್ರಾ?"

ಮೇಷ್ಟ್ರು ಕೆಮ್ಮಿದರು. ತಮ್ಮನಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡು ದೊಡ್ಡಮ್ಮನ ಮುಖವನ್ನೇ ನೋಡಿದಳು.

"ಗಿಟಾರ್ ಇನ್ನೂ ಸರಿಯಾಗಿ ಬರಲ್ಲ ದೊಡ್ಡಮ್ಮ, ಸೋಮವಾರ ಪಾಠ ಇದೆ. ಇದು ಬರುತ್ತೆ."