ಅಣ್ಣ ಹಾಕಿದ ಬೇವಿನ ಹನಿ

ಮೊದಲು ತುರಿಕೆ. ಎಡಗಿವಿಯೊಳಗೆ, ಬೆರಳಿಗೆ ಸಿಗದಷ್ಟು ಆಳದಲ್ಲಿ. ಹರಪನಹಳ್ಳಿಯಲ್ಲಿ ನನ್ನದು ಹಿಟ್ಟಿನ ಗಿರಣಿ. ಧೂಳು ಹೊಕ್ಕಿರಬೇಕು ಅಂದುಕೊಂಡು ತಲೆಪಿನ್ನಿನಿಂದ ಕೆರೆದೆ. ನಾಲ್ಕು ದಿನಕ್ಕೆ ಕಿವಿ ಕಟ್ಟಿತು. ಕಲ್ಲು ಸವೆದಿದೆಯೋ, ಹಿಟ್ಟು ತರಿಯಾಗುತ್ತಿದೆಯೋ, ಎಲ್ಲ ನನಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಕಲ್ಲಿನ ಕಡೆಗಿರುವ ಆ ಕಿವಿಯೇ ಹೋದರೆ ಗಿರಣಿ ನಡೆಸುವುದು ಹೇಗೆ?

ಅಣ್ಣ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾನೆ. ಬೇವಿನೆಲೆಯ ಸಾರ ತೆಗೆದು ಫಂಗಸ್ ಮೇಲೆ ಪರೀಕ್ಷೆ ಮಾಡುತ್ತಿದ್ದ.

"ಡಾಕ್ಟರ್ ಯಾಕ ಬೇಕು ತಂಗಿ? ನಿನ್ನ ಕಿವ್ಯಾಗ ಇರೋದೂ ಫಂಗಸ್ಸಾ. ಬೇವಿನ ಸಾರ ಪ್ರೂವ್ ಆಗೈತಿ. ಗಾಜಿನ ತಟ್ಟಿಯೊಳಗ ಫಂಗಸ್ ಸತ್ತಿದ್ದು ಕಣ್ಣಾರೆ ನೋಡೇನಿ."

ಅಪ್ಪ ಹೋದ ಮೇಲೆ ಅವನ ಮಾತೇ ನನಗೆ ಕೊನೆಯ ಮಾತು. ತಲೆ ವಾಲಿಸಿ ಕೂತೆ. ದಿನಾ ಎರಡು ಸಲ, ತನ್ನ ಕೈಯಾರೆ ಹನಿ ಹಾಕಿದ. ಉರಿಯಿತು. "ಉರಿದರ ಕೆಲಸ ಮಾಡಾಕತ್ತೈತಿ ಅಂತ ತಿಳಿ" ಅಂದ. ಹಲ್ಲು ಕಚ್ಚಿ ಹತ್ತು ದಿನ ತಡೆದೆ.

ಹನ್ನೊಂದನೆಯ ಬೆಳಿಗ್ಗೆ ತಲೆದಿಂಬಿನ ಮೇಲೆ ರಕ್ತ.

ದಾವಣಗೆರೆಯ ಇಎನ್‌ಟಿ ಡಾಕ್ಟರಮ್ಮ ಸಕ್ಷನ್ ಕೊಳವೆಯಿಂದ ಹೀರಿ ಕಪ್ಪು ಕಪ್ಪು ಕಸ ತೆಗೆದರು. ಕಿವಿತಮಟೆಯಲ್ಲಿ ತೂತು. ಅಣ್ಣನ ಬೇವು, ಗಾಜಿನ ತಟ್ಟೆ, ಎಲ್ಲ ಹೇಳಿದೆ.

"ಫಂಗಸ್ ಕೊರೆದದ್ದೋ, ನಿಮ್ಮ ಹನಿ ಸುಟ್ಟಿದ್ದೋ, ಹೇಳಕ್ಕಾಗಲ್ಲಮ್ಮ. ಬೇವಿನಿಂದ ಮುಂದೆ ಔಷಧಿ ಬರಬಹುದು, ಇಲ್ಲ ಅನ್ನಲ್ಲ. ಆದ್ರೆ ಗಾಜಿನ ತಟ್ಟೆಗೆ ಕಿವಿತಮಟೆ ಇರಲ್ಲ ನೋಡ್ರಿ."

ಡ್ರಾಪ್ಸ್ ಬರೆದುಕೊಟ್ಟರು. ಅಲ್ಲಿಯವರೆಗೂ ನನಗೆ ಸಿಟ್ಟಿರಲಿಲ್ಲ. ಪಾಪ, ನನ್ನ ಒಳ್ಳೆಯದಕ್ಕೇ ಮಾಡಿದ ಅಂತಲೇ ಬಸ್ಸಿನುದ್ದಕ್ಕೂ ಅಂದುಕೊಂಡೆ.

ಊರಿಗೆ ಬಂದು ಅತ್ತಿಗೆಗೆ ಚೀಟಿ ತೋರಿಸಿದೆ. ಅವಳು ಕಪಾಟಿನಿಂದ ಒಂದು ಸೀಸೆ ತಂದಳು. ಅದೇ ಹೆಸರು.

"ಹೋದ ತಿಂಗಳು ನಿಮ್ಮಣ್ಣಗೂ ಹಿಂಗಾ ಕಿವಿ ತುರಿಸ್ತಿತ್ತು. ಡಾಕ್ಟರ್ ಇದನ್ನಾ ಬರದಿದ್ರು. ಎಂಟು ದಿನಕ್ಕ ವಾಸಿ ಆತು."

ಸೀಸೆ ಹಿಡಿದು ಅಣ್ಣನ ಮುಂದೆ ಹೋಗಿ ನಿಂತೆ.

"ನಿನ್ನ ಕಿವಿಗೆ ಯಾಕ ಬೇವು ಹಾಕ್ಕೊಳ್ಳಲಿಲ್ಲಣ್ಣ?"

ಅವನು ಕನ್ನಡಕ ಒರೆಸಿದ. "ನಾನು ಪಾಠ ಮಾಡಬೇಕಲ್ಲ ತಂಗಿ. ಕಿವಿ ಕೇಳದಿದ್ರ ಹೆಂಗ?"

ಹಾಗಾದರೆ ನನ್ನ ಕಿವಿಯೇನು ಬಿಟ್ಟಿ ಬಿದ್ದಿತ್ತೇ? ಇವನ ಪ್ರಯೋಗಕ್ಕೆ ಇನ್ನೊಂದು ತಟ್ಟೆಯೇ? ಆ ದಿನ ಬಾಯಿಗೆ ಬಂದದ್ದೆಲ್ಲ ಅಂದೆ. ಒಡಹುಟ್ಟಿದವನಿಗೆ ಅನ್ನಬಾರದ್ದನ್ನೂ ಅಂದೆ.

ಎರಡು ತಿಂಗಳಾಯಿತು. ತೂತು ಮುಚ್ಚುತ್ತಿದೆಯಂತೆ, ಆ ಡಾಕ್ಟರಮ್ಮ ನೂರು ವರ್ಷ ಬಾಳಲಿ. ಗಿರಣಿಯ ಸದ್ದು ಅರ್ಧದಷ್ಟು ಮರಳಿದೆ. ಉಳಿದರ್ಧಕ್ಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತೇನೆ. ಅಷ್ಟಾದರೂ ಉಳಿಯಿತಲ್ಲ.

ಅಣ್ಣ ವಾರಕ್ಕೊಮ್ಮೆ ಜೋಳ ಹಿಡಿದು ಬರುತ್ತಾನೆ. ಬೀಸಿ ಕೊಡುತ್ತೇನೆ. ನನ್ನ ಎಡಕ್ಕೆ ನಿಂತು ಏನೋ ಹೇಳುತ್ತಾನೆ, ಗಿರಣಿಯ ಸದ್ದಿನಲ್ಲಿ ಕೇಳಿಸುವುದಿಲ್ಲ. ತಪ್ಪಾಯಿತು ಅಂತಲೇ ಇರಬಹುದು.

ಬಲಗಿವಿ ಚೆನ್ನಾಗಿಯೇ ಇದೆ. ನಾನು ತಿರುಗುವುದಿಲ್ಲ.