ಅವ್ವನ ಮುಖದ ನಂಬರು

ಅವ್ವ ತೀರಿಕೊಂಡು ತಿಂಗಳಾಗಿತ್ತು. ಸಿಂಧನೂರಿನಲ್ಲಿ ನಾನು ಮಧ್ಯಾಹ್ನದ ಅನ್ನಕ್ಕಿಟ್ಟಿದ್ದೆ. ಲಿಂಗಸುಗೂರಿನಿಂದ ತಂಗಿಯ ಫೋನು ಬಂತು.

"ಅಕ್ಕಾ, ಅವ್ವ ದಿನಾ ಮೆಸೇಜ್ ಹಾಕಾಕತ್ಯಾಳ."

"ಹುಚ್ಚು ಹಿಡದೈತೇನ್ ಬೇ ನಿನಗ?" ಎಂದು ರೇಗಿದೆ.

ಅವಳು ಮೆಸೇಜುಗಳ ಚಿತ್ರ ತೆಗೆದು ಕಳಿಸಿದಳು. ನಂಬರು ಹೊಸದು, ಮುಖ ಅವ್ವನದು. ಹಸಿರು ಸೀರೆ, ಹಣೆ ತುಂಬ ಕುಂಕುಮ, ಕ್ಯಾಮೆರಾ ಕಂಡರೆ ಬಿಗಿಯಾಗುತ್ತಿದ್ದ ಆ ತುಟಿ. ತಂಗಿಯನ್ನು ಮನೆಯಲ್ಲಷ್ಟೇ ಕರೆಯುವ ಹೆಸರು ಹಿಡಿದು, 'ಉಂಡಿಯೇನು?' ಮರುದಿನವೂ ಅದೇ. ಅದರ ಮರುದಿನವೂ. ಅವ್ವ ಹೆಬ್ಬೆಟ್ಟಿನ ಹೆಂಗಸು, ಸತ್ತ ಮೇಲೆ ಅಕ್ಷರ ಕಲಿತಳೇ?

ಕೊನೆಯದು ಇವತ್ತಿನದು: 'ಆಧಾರ್ ಕಾರ್ಡ್ ಕೈಯಾಗ ಹಿಡ್ಕೊಂಡು ಒಂದು ಫೋಟೋ ಕಳಿಸವ್ವಾ.'

"ಕಳಿಸಿಯೇನು?"

"ಇನ್ನೂ ಇಲ್ಲ. ಸಂಜಿಕ ಕಳಿಸ್ತೀನಿ ಅಂದೀನಿ."

"ಮುಟ್ಟಬ್ಯಾಡ ಆ ಫೋನ್!" ಒಲೆ ಆರಿಸಿ ಬಸ್ಸು ಹತ್ತಿದೆ.

ನಮ್ಮ ತವರೂರು ಮಸ್ಕಿಯಲ್ಲಿ ಬಸ್ಸು ನಿಂತಿತು. ಕಿಟಕಿಯಾಚೆ, ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಿಂದ ಅವ್ವ ನನ್ನನ್ನೇ ನೋಡುತ್ತಿದ್ದಳು. ಅದೇ ಹಸಿರು ಸೀರೆ, ಅದೇ ತುಟಿ. 'ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ ನಮ್ಮಿಬ್ಬರ ಹೆಸರು, ಊರು, ಫೋನ್ ನಂಬರು. ತಂಗಿಯ ಹೆಸರಿನ ಪಕ್ಕ ಆ ಮುದ್ದಿನ ಹೆಸರು. ಹಾಕಿಸಿದವಳು ನಾನೇ, ಇಲ್ಲೊಂದು, ತಂಗಿಯ ಊರಲ್ಲೊಂದು. ನಾಲ್ಕು ಮಂದಿ ನೋಡಲಿ ಎಂದು ಅಂಗಡಿಯವನ ಜೊತೆ ಜಗಳವಾಡಿ ಅಕ್ಷರ ದೊಡ್ಡದು ಮಾಡಿಸಿದ್ದೆ. ನೋಡಿದ್ದಾನಲ್ಲ, ಯಾವನೋ ಹಾಳಾದವನು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ತಂಗಿಯನ್ನು ಕರೆದುಕೊಂಡು ನೇರ ಠಾಣೆಗೆ ಹೋದೆ. ಅಲ್ಲಿದ್ದ ಜಮಾದಾರರು ಮೆಸೇಜುಗಳನ್ನು ಒಂದೊಂದಾಗಿ ಓದಿದರು.

"ಫೋನಿನ್ಯಾಗ ಇನ್ನೊಬ್ಬರಂಗ ನಟಿಸಿ ಮೋಸ ಮಾಡಾದು ಅಪರಾಧ ರೀ. ಮೂರು ವರ್ಷದ ತನಕ ಜೇಲ್ ಐತಿ. ಆ ಫೋಟೋ ಏನರ ಹೋಗಿದ್ರ, ಇವರ ಹೆಸರಿಲೇ ಸಿಮ್ ತಗೊಂಡು ಯಾರ್ಯಾರಿಗೆ ಟೋಪಿ ಹಾಕ್ತಿದ್ನೋ. ನಾವು ಇವರನ್ನ ಹುಡುಕ್ಕೊಂಡು ಬರ್ತಿದ್ವಿ. ಅರ್ಜಿ ಬರೀರಿ, ಆ ನಂಬರ್ ಬಂದ್ ಮಾಡಸ್ತೀವಿ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ನಡುಗಿತು. ಅವ್ವನ ಮುಖ. 'ಉಂಡಿಯೇನು? ಫೋಟೋ ಎಲ್ಲೈತಿ?' ಜಮಾದಾರರು ಬಿಳಿ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು.

ನಾನು ಪೆನ್ನು ಎತ್ತಿಕೊಂಡೆ. ತಂಗಿ ನನ್ನ ಕೈ ಹಿಡಿದಳು.

"ನಾಳಿ ಬರಿಯೂಣು ಅಕ್ಕಾ."

"ಯಾಕ? ಅವ್ವ ಅಂತ ಇನ್ನೂ ನಂಬಿಯೇನು?"

"ಇಲ್ಲ. ಮೊದಲನೇ ದಿನಾನ ಗೊತ್ತಾಗಿತ್ತು. ಅವ್ವಗ ಬರಿಯಾಕ ಎಲ್ಲಿ ಬರ್ತಿತ್ತು?" ಅವಳ ಕಣ್ಣು ಫೋನಿನ ಮೇಲೇ ಇತ್ತು. "ಅವ್ವ ಹೋದಾಗಿಂದ ಉಂಡಿಯೇನು ಅಂತ ಕೇಳಿದ್ದು ಅದೊಂದ. ಫೋಟೋ ಕೊಡದಿದ್ರ ಅದೂ ಕೇಳಾದು ಬಿಡ್ತೈತಿ."

ನನಗೆ ನಾಚಿಕೆಯಾಯಿತು. ಆ ತಿಂಗಳು ಅವಳಿಗೆ ದಿನಾ ಫೋನ್ ಮಾಡಿದ್ದೆ. ತಿಥಿಗೆ ಯಾರ್ಯಾರು ಬಂದಿದ್ದರು, ಫ್ಲೆಕ್ಸು ಇನ್ನೂ ಐತೋ ಹರಿದೈತೋ ಎಂದು ಕೇಳಿದ್ದೆ. ಆ ಒಂದು ಮಾತು ಕೇಳಿರಲಿಲ್ಲ.

ಅರ್ಜಿ ಬರೆದು ಸಹಿ ಮಾಡಿದೆ. ಆಮೇಲೆ ಕೇಳಿದೆ, "ಉಂಡಿಯೇನ್ ಬೇ?"

ಅವಳು ನನ್ನ ಕಡೆ ತಿರುಗಲಿಲ್ಲ. ಫೋನು ಎತ್ತಿಕೊಂಡು, ಅವ್ವನ ಮುಖಕ್ಕೆ 'ಇಲ್ಲ' ಎಂದು ಬರೆದಳು.